ಬಾರ್ಶಿಯ ಪುಟ್ಟ ಗಾಡಿ, ಲಂಡನ್ನಿನ ಕರಾರು

ಉದಗೀರದಲ್ಲಿ ರೈಲು ಹತ್ತಿದರೆ ಕಮಲನಗರ, ಭಾಲ್ಕಿ ದಾಟಿ ಬೀದರಿಗೆ ಬಂದುಬಿಡಬಹುದು. ನಿಲಂಗಾ, ಉಮರಗಾದವರು ಮಾತ್ರ ಇವತ್ತಿಗೂ ಬಸ್ಸೇ ಹಿಡಿಯಬೇಕು. ಯಾರ ಗಾಡಿ ಯಾವ ಹಳಿಯ ಮೇಲೆ, ಎಲ್ಲಿಯವರೆಗೆ ಓಡಬೇಕು ಅನ್ನೋದನ್ನ ನಮ್ಮ ಸೀಮೆಯಲ್ಲಿ ಬಹುಕಾಲ ಕರಾರುಪತ್ರಗಳೇ ತೀರ್ಮಾನಿಸಿದವು.

ಹೈದರಾಬಾದಿನ ನಿಜಾಮರ ಕಡೆಯದು ಬೇಗ ಹೇಳಿಬಿಡುತ್ತೇನೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂತು. 1883ರಲ್ಲಿ ಅದು ಒಂದು ಕಂಪನಿಯ ಕೈಗೆ ಹೋಯಿತು; ಬಡ್ಡಿಗೆ ನಿಜಾಮರ ಖಾತರಿ. 1930ರಲ್ಲಿ ನಿಜಾಮರೇ ಅದನ್ನು ಕೊಂಡರು.

ಇನ್ನು ಬಾರ್ಶಿಯ ಕಡೆ. ಅಲ್ಲಿ ನನಗೆ ಇಷ್ಟದವನು ರೈಲ್ವೆ ಇಂಜಿನಿಯರ್ ಎವೆರಾರ್ಡ್ ಕ್ಯಾಲ್ತ್ರಾಪ್. ಅರಬ್ಬಿ ಕುದುರೆ ಸಾಕಿದವನು, ಮುಂದೆ ಪ್ಯಾರಾಚೂಟ್ ತಯಾರಿಸಿದವನು! ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆಯಲ್ಲಿ ನೌಕರಿಗಿದ್ದಾಗಲೇ ಬಾರ್ಶಿ ಪೇಟೆಗೆ ಅಗ್ಗದ ಹಳಿ ಹಾಕಬೇಕೆಂಬ ಹಂಬಲ ಹತ್ತಿತು. ವರ್ಷಗಟ್ಟಲೆ ಬೆನ್ನುಬಿದ್ದ. ಕೊನೆಗೆ 1895ರಲ್ಲಿ ಲಂಡನ್ನಿನಲ್ಲಿ ಕಂಪನಿ ಕಟ್ಟಿ ಸರ್ಕಾರದ ಜೊತೆ ಕರಾರಿಗೆ ಸಹಿ ಹಾಕಿಸಿದ. ಹಳಿಯ ಅಗಲ ಎರಡೂವರೆ ಅಡಿ. ಇಂಜಿನ್ ಇರಲಿ, ವ್ಯಾಗನ್ ಇರಲಿ, ಒಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಕೂಡದು. ಹಗುರ ಹಳಿಯಲ್ಲೂ ಒಳ್ಳೇ ಹೊರೆ ಸಾಗಿಸಿ ತೋರಿಸಿದ. ಎಂಥ ಬುದ್ಧಿ!

1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ, 1906ರಲ್ಲಿ ಪಂಢರಪುರಕ್ಕೆ, 1911ರಲ್ಲಿ ನಿಜಾಮರ ಸೀಮೆಯ ಲಾತೂರಿಗೆ, 1927ರಲ್ಲಿ ಮೀರಜಿಗೆ ಗಾಡಿ ಹೋಯಿತು.

ಆದರೆ ಆ ಪುಟ್ಟ ವ್ಯಾಗನ್ನು ಜಿಐಪಿಯ ಅಗಲ ಹಳಿ ಏರಲಾರದು. ಲಾತೂರಿನ ಚೀಲಗಳನ್ನೆಲ್ಲ ಕುರ್ಡುವಾಡಿಯಲ್ಲಿ ಹಮಾಲರು ಇಳಿಸಬೇಕು, ಇನ್ನೊಂದು ಗಾಡಿಗೆ ಏರಿಸಬೇಕು. ಇತ್ತ ಉದಗೀರದ ಕಡೆಯ ಅಗಲ ಹಳಿ ಲಾತೂರ್ ರೋಡಿಗೆ ಬಂದಿತ್ತು. ಹೆಸರಿಗೆ ಲಾತೂರ್ ರೋಡ್, ಲಾತೂರಿಗೆ ಮೂವತ್ತು ಕಿಲೋಮೀಟರಿಗೂ ಮಿಕ್ಕಿದ ದೂರ! ದಶಕಗಟ್ಟಲೆ ಈ ಎರಡು ಹಳಿ ಒಂದನ್ನೊಂದು ಮುಟ್ಟಲಿಲ್ಲ. ನೆನೆದರೆ ಹೊಟ್ಟೆ ಉರಿಯುತ್ತದೆ. ಇಬ್ಬರು ಧಣಿಗಳು ತಮ್ಮ ತಮ್ಮ ಕರಾರು ನೋಡಿಕೊಂಡರು. ನಡುವಿನ ರೈತನನ್ನು ಯಾರು ನೋಡಿದರು?

1954ರ ಜನವರಿ 1ರಂದು ಸರ್ಕಾರ ಬಾರ್ಶಿ ಲೈನನ್ನು ಕೊಂಡಿತು. ಒಡೆತನ ಒಂದಾಯಿತು, ಹಳಿ ಒಂದಾಗಲಿಲ್ಲ. ಲಾತೂರಿನಿಂದ ಕುರ್ಡುವಾಡಿಯವರೆಗೆ ಅಗಲ ಹಳಿ ಬೀಳುವಷ್ಟರಲ್ಲಿ 2008 ಬಂತು. ಅಷ್ಟರೊಳಗೆ ದೇಶದಲ್ಲಿ ಹೊಸ ಕರಾರುಗಳ ಕಾಲ ಶುರುವಾಗಿತ್ತು: ಹಳಿ ಸರ್ಕಾರದ್ದು, ಕಂಟೇನರ್ ಗಾಡಿ ಖಾಸಗಿಯವರದು, ಓಡಿಸಿದ್ದಕ್ಕೆ ಬಾಡಿಗೆ.

ಹಳಿ ಅಗಲವಾದದ್ದರ ಬೆಲೆ 2016ರ ಏಪ್ರಿಲ್‌ನಲ್ಲಿ ಗೊತ್ತಾಯಿತು. ಬರಗಾಲದಲ್ಲಿ ಬಾಯಾರಿದ ಲಾತೂರಿಗೆ ಮೀರಜಿನಿಂದ ನೀರಿನ ರೈಲು ಹೊರಟಿತು. ಮೊದಲ ಸಲ ಹತ್ತು ವ್ಯಾಗನ್, ಐದು ಲಕ್ಷ ಲೀಟರ್. ಬಹುಮಟ್ಟಿಗೆ ಕ್ಯಾಲ್ತ್ರಾಪನ ಕಂಪನಿ ಹಾಕಿದ್ದ ದಾರಿಯಲ್ಲೇ, ಕುರ್ಡುವಾಡಿಯಲ್ಲಿ ಒಂದು ಹನಿಯನ್ನೂ ಇಳಿಸದೆ ಅದು ಲಾತೂರು ಸೇರಿತು.