ಪತಂಗದ ಕಣ್ಣು, ವೃಷಭಾವತಿಯ ನೀರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಕನ್ನಡದಲ್ಲೇ ವಿಜ್ಞಾನ ಕಲಿತು, ಮುಂದೆ ಬಿ.ಇ. ಮಾಡಿ, ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇವತ್ತು ನಿಮ್ಮ ಬೆಳಕಿನ ಪಾಠದ ಮುಂದುವರಿಕೆಯಂಥ ಒಂದು ವಿಷಯ ಹೇಳುತ್ತೇನೆ.

ನಮ್ಮ ಕೆಂಗೇರಿಯ ಪಕ್ಕದಲ್ಲೇ ವೃಷಭಾವತಿ ಹರಿಯುತ್ತದೆ. ಊರಿನ ಕೊಳಚೆ, ಕಾರ್ಖಾನೆಗಳ ತ್ಯಾಜ್ಯ ಹೊತ್ತು ಬೈರಮಂಗಲದ ಕೆರೆಗೆ ಹೋಗುತ್ತದೆ. ಆ ನೀರಿನಲ್ಲಿ ರೈತರು ಬೆಳೆ ಬೆಳೆದಿದ್ದಾರೆ. ನೊರೆ ಕಣ್ಣಿಗೆ ಕಾಣುತ್ತದೆ. ಕರಗಿರುವ ವಿಷದ ಅಣು ಕಾಣುವುದಿಲ್ಲ. ಅದನ್ನು ಗುರುತಿಸುವುದು ಹೇಗೆ?

ದಾರಿ ತೋರಿಸಿದವರು ಸರ್ ಸಿ.ವಿ. ರಾಮನ್. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ತಮ್ಮ ಶೋಧ ಕಂಡುಕೊಂಡ ಅವರು, 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಇಲ್ಲೇ ಇದ್ದರು. ಅಣುವಿಗೆ ತಾಗಿದ ಬೆಳಕಿನಲ್ಲಿ ಅತ್ಯಲ್ಪ ಪಾಲು ಬಣ್ಣ ಬದಲಿಸಿಕೊಂಡು ಚದುರುತ್ತದೆ. ಆ ಬದಲಾವಣೆ ಒಂದೊಂದು ಬಗೆಯ ಅಣುವಿಗೂ ಬೇರೆ, ಹೆಬ್ಬೆಟ್ಟಿನ ಗುರುತಿನ ಹಾಗೆ. ತೊಡಕೆಂದರೆ, ಹೀಗಾಗುವುದು ಸುಮಾರು ಕೋಟಿ ಬೆಳಕಿನ ಕಣಗಳಲ್ಲಿ ಒಂದಕ್ಕೆ ಮಾತ್ರ.

ಇಲ್ಲಿ ಪತಂಗ ನೆರವಿಗೆ ಬರುತ್ತದೆ. ಅದರ ಕಣ್ಣಿನ ಮೇಲ್ಮೈಯಲ್ಲಿ ಅತಿ ಸಣ್ಣ ಉಬ್ಬುಗಳಿವೆ. ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 5,000 ಸಾಲಾಗಿ ನಿಲ್ಲಬಲ್ಲವು. ಬೆಳಕಿನ ಅಲೆಗಿಂತ ಚಿಕ್ಕವಾದ್ದರಿಂದ ಬೆಳಕಿಗೆ ಅವು ಮೆಟ್ಟಿಲಲ್ಲ, ಇಳಿಜಾರು. ಬಡಿದು ಹಿಂದಿರುಗದೆ ಒಳಗೆ ಜಾರುತ್ತದೆ. ನುಣುಪಾದ ಸಿಲಿಕಾನ್ ಬಿದ್ದ ಬೆಳಕಿನ ಸುಮಾರು ಮೂರನೇ ಒಂದು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಅದರ ಮೇಲೆ ಇಂಥ ಸೂಜಿಗಳನ್ನು ಕೊರೆದರೆ ಕಪ್ಪಗೆ ಕಾಣುತ್ತದೆ.

ಆ ಸೂಜಿಗಳಿಗೆ ಬೆಳ್ಳಿ ಅಥವಾ ಚಿನ್ನದ ತೆಳು ಲೇಪ ಕೊಟ್ಟರೆ, ಲೋಹದ ನಡುವಿನ ಸಂದುಗಳಲ್ಲಿ ಬೆಳಕು ಒತ್ತಾಗಿ ಸೇರುತ್ತದೆ. ಅಲ್ಲಿ ಕುಳಿತ ಅಣುವಿನ ಕ್ಷೀಣ ಸಂಕೇತ ಲಕ್ಷಾಂತರ ಪಟ್ಟು ಹೆಚ್ಚಬಲ್ಲದು. ಒರಟು ಬೆಳ್ಳಿಯ ಮೇಲೆ ಸಂಕೇತ ಬಲವಾಗುವುದನ್ನು 1974ರಲ್ಲೇ ಇಂಗ್ಲೆಂಡಿನ ವಿಜ್ಞಾನಿಗಳು ವರದಿ ಮಾಡಿದ್ದರು. ಜೀರುಂಡೆಯ ರೆಕ್ಕೆಗೇ ಲೋಹ ಲೇಪಿಸಿ ಪ್ರಯೋಗ ಮಾಡಿದವರೂ ಇದ್ದಾರೆ.

ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ವೃಷಭಾವತಿಯಂಥ ನೀರಿನಲ್ಲಿ ನೂರಾರು ವಸ್ತುಗಳ ಗುರುತುಗಳು ಕಲಸಿಹೋಗುತ್ತವೆ. ಸಾವಿರ ಪಟ್ಟಿ ಮಾಡಿದರೆ ಸಾವಿರವೂ ಒಂದೇ ಉತ್ತರ ಕೊಡಬೇಕು. ಕಲಸಿದ್ದನ್ನು ಬಿಡಿಸುವುದು ನನ್ನಂಥ ಸಾಫ್ಟ್‌ವೇರಿನವರ ಕೆಲಸ. ಪಟ್ಟಿ ಮಾಡುವುದು ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದವರದು. ಎರಡೂ ಇನ್ನೂ ಪೂರ್ತಿ ಮುಗಿದಿಲ್ಲ.

ಮಕ್ಕಳೇ, ಇದು ದೂರದ ಅಮೆರಿಕದ ವಿದ್ಯೆಯಲ್ಲ. ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ನ್ಯಾನೊ ವಿಜ್ಞಾನಕ್ಕೆ ಒಂದು ಕೇಂದ್ರವಿದೆ. ಸರ್ಕಾರಿ ಶಾಲೆಯವರಿಗೆ ಇದು ಎಟುಕದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನದಿಯ ಪಕ್ಕ ಬೆಳೆದವರಿಗೆ ಅದರಲ್ಲೇನಿದೆ ಎಂದು ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚು.