ದೂರದ ಸಭೆಗೆ ನಾಯಕರು ಹೋಗಬೇಕೇ?

ವರ್ಷಕ್ಕೊಮ್ಮೆ, ಹೆಚ್ಚಾಗಿ ಕಾರ್ತಿಕದ ಆಸುಪಾಸಿನಲ್ಲಿ, ಲೋಕದ ಯಾವುದಾದರೊಂದು ಪಟ್ಟಣದಲ್ಲಿ ಇನ್ನೂರಕ್ಕೆ ಸಮೀಪ ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಹವಾಗುಣದ ಬದಲಾವಣೆಯನ್ನು ಕುರಿತು ಎರಡು ವಾರ ಚರ್ಚಿಸುತ್ತಾರೆ. ಅದೇ ದಿನಗಳಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹೊಲಗಳಲ್ಲಿ ರಾಗಿಯ ಕೊಯ್ಲು ನಡೆದಿರುತ್ತದೆ. ಇವೆರಡಕ್ಕೂ ಏನು ಸಂಬಂಧ? ನಮ್ಮ ಪ್ರಧಾನಿಯವರು ಅಷ್ಟು ದೂರ ಹೋಗಿ ಕುಳಿತು ಬರುವುದರಿಂದ ನಮ್ಮ ಕಣಕ್ಕೆ ಬಂದದ್ದೇನು? ಹೀಗೆಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಈ ಹೊತ್ತು ಅದನ್ನೇ ಕೊಂಚ ವಿಚಾರ ಮಾಡೋಣ.

2021ರ ನವೆಂಬರ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ಆ ತಿಂಗಳ ಮೊದಲ ದಿನ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು, 2070ನೆಯ ಇಸವಿಯ ಹೊತ್ತಿಗೆ ಭಾರತವು ತಾನು ಹೊರಬಿಡುವ ಇಂಗಾಲವನ್ನೂ ಹೀರಿಕೊಳ್ಳುವ ಇಂಗಾಲವನ್ನೂ ಸರಿದೂಗಿಸುವುದೆಂದು ಮಾತು ಕೊಟ್ಟರು. ಅದೇ ತಿಂಗಳು ಇಲ್ಲಿ ಏನಾಯಿತು? ಮುಳಬಾಗಿಲು ಎಂದರೆ ಮೂಡಲ ಬಾಗಿಲು ತಾನೆ. ಆ ಬಾಗಿಲಿನಿಂದಲೇ ಬಂಗಾಳ ಕೊಲ್ಲಿಯ ಮಳೆ ಒಳಗೆ ನುಗ್ಗಿತು. ಎಷ್ಟೋ ವರ್ಷಗಳಿಂದ ಒಣಗಿ ಬಿದ್ದಿದ್ದ ಕೆರೆಗಳು ತುಂಬಿ ಕೋಡಿ ಹರಿದವು. ಜನ ಕೋಡಿಯ ಬಳಿ ನಿಂತು ನೋಡಿ ಸಂತೋಷಪಟ್ಟರು. ಆದರೆ ಹಿಂದಕ್ಕೆ ತಿರುಗಿ ನೋಡಿದರೆ ಕೊಯ್ಲಿಗೆ ಬಂದಿದ್ದ ರಾಗಿ ನೆಲಕ್ಕೊರಗಿ, ತೆನೆಯಲ್ಲೇ ಮೊಳಕೆಯೊಡೆದಿತ್ತು. ಒಂದೇ ಮಳೆ ಕೆರೆಗೆ ವರವಾಗಿ, ಹೊಲಕ್ಕೆ ಶಾಪವಾಯಿತು.

ಒಂದು ವರ್ಷದ ಮಳೆಯನ್ನು ಹಿಡಿದುಕೊಂಡು, ಇದು ಹವಾಗುಣ ಬದಲಾವಣೆಯದೇ ಕೆಲಸವೆಂದು ಸಾಧಿಸಲು ಬಾರದು. ಬರ ಮತ್ತು ನೆರೆ ಎರಡನ್ನೂ ನಮ್ಮ ಅಜ್ಜಂದಿರೂ ಕಂಡವರೇ. ಆದರೆ ಶಾಸ್ತ್ರಜ್ಞರು ಒಂದು ಸರಳವಾದ ಲೆಕ್ಕ ಹೇಳುತ್ತಾರೆ: ಗಾಳಿ ಒಂದು ಡಿಗ್ರಿಯಷ್ಟು ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಹಿಡಿದದ್ದನ್ನು ಬಿಡುವಾಗ ಒಮ್ಮೆಗೇ ಸುರಿಯುತ್ತದೆ. ಬಿಡದಿದ್ದಾಗ ನೆಲವನ್ನೇ ಒಣಗಿಸುತ್ತದೆ. ಜೀವನದಿಯೊಂದೂ ಇಲ್ಲದೆ, ಕೆರೆಗಳನ್ನೇ ನಂಬಿ, ಆಮೇಲೆ ಸಾವಿರ ಅಡಿಗೂ ಮೀರಿದ ಕೊಳವೆಬಾವಿಗಳನ್ನು ನಂಬಿ ಬದುಕಿದ ಸೀಮೆಗೆ ಈ ಲೆಕ್ಕ ಬಲು ದುಬಾರಿಯದು. ಶ್ರೀನಿವಾಸಪುರದ ಮಾವಿನ ತೋಟದವರನ್ನು ಕೇಳಿ ನೋಡಿ. ಮರ ಹೂಬಿಡುವ ಕಾಲಕ್ಕೆ ತಪ್ಪು ಮಳೆ ಎರಡು ದಿನ ಬಿದ್ದರೆ ಸಾಕು, ವರ್ಷದ ಫಸಲು ನೆಲದ ಪಾಲು.

ಹೋಗಕೂಡದೆನ್ನುವವರ ವಾದವನ್ನು ಮೊದಲು ಕೇಳೋಣ. ಹೊಗೆ ಕಡಮೆ ಮಾಡಬೇಕೆಂದು ಹೇಳಲು ನೂರಾರು ವಿಮಾನಗಳಲ್ಲಿ ಹಾರಿ ಹೋಗುವುದು ಹಾಸ್ಯಾಸ್ಪದವೆಂಬುದು ಒಂದು. ಮನೆಯಲ್ಲಿ ಬರವಿರುವಾಗ ಯಜಮಾನ ಪರಊರಿನ ಪಂಚಾಯಿತಿಗೆ ಹೋಗುವುದೇ ಎಂಬುದು ಇನ್ನೊಂದು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 220ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಆ ಡಿಸೆಂಬರಿನಲ್ಲಿ ದುಬೈನ ಸಭೆಯಲ್ಲಿ ಪ್ರಧಾನಿಯವರು ಭಾಷಣ ಮಾಡಿದರು. ಭಾಷಣದಿಂದ ಇಲ್ಲಿ ಒಂದು ಹನಿಯೂ ಬೀಳಲಿಲ್ಲವಲ್ಲ ಎಂದು ಯಾರಾದರೂ ಅಂದರೆ ಅದು ನಿಜವೇ. ಈ ಮಾತುಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ದೂರದ ಸಭೆಯ ತೀರ್ಮಾನ ನಮ್ಮ ಮನೆಬಾಗಿಲಿಗೆ ಬರುವುದೇ ಇಲ್ಲ ಎಂಬ ಭಾವನೆ ಮಾತ್ರ ಕೋಲಾರದವರಿಗೆ ಸಲ್ಲದು. ನಮಗೆ ಅದರ ಅನುಭವ ನೂರಮೂವತ್ತು ವರ್ಷಗಳಷ್ಟು ಹಳೆಯದು.

1890ರ ಮೇ ತಿಂಗಳಲ್ಲಿ ಉದಕಮಂಡಲದ ತಂಪಿನಲ್ಲಿ ಒಂದು ಸಭೆ ಸೇರಿತು. ಮದರಾಸು ಸರಕಾರದ ಅಧಿಕಾರಿಗಳು ಒಂದು ಕಡೆ. ಮೈಸೂರಿನ ರೆಸಿಡೆಂಟರು, ದಿವಾನ್ ಕೆ. ಶೇಷಾದ್ರಿ ಅಯ್ಯರ್, ಚೀಫ್ ಇಂಜಿನಿಯರು ಇನ್ನೊಂದು ಕಡೆ. ಮೈಸೂರು ಸೀಮೆಯಲ್ಲಿ ಕೆರೆಕಟ್ಟೆಗಳನ್ನು ಹೆಚ್ಚಿಸಿದರೆ ಕೆಳಗಿನ ಮದರಾಸಿನ ಗದ್ದೆಗಳಿಗೆ ನೀರು ತಪ್ಪುತ್ತದೆಂಬುದು ದೂರು. ಮಾತುಕತೆ ಬೆಳೆದು 1892ರ ಒಪ್ಪಂದವಾಯಿತು. ಒಪ್ಪಂದದ ಪಟ್ಟಿಯಲ್ಲಿದ್ದ ನದಿಗಳಲ್ಲಿ ನಮ್ಮ ಪಾಲಾರ್, ಪಿನಾಕಿನಿಗಳೂ ಸೇರಿದವು. ಮದರಾಸಿನ ಒಪ್ಪಿಗೆಯಿಲ್ಲದೆ ಆ ನದಿಗಳಿಗೆ ಹೊಸ ಜಲಾಶಯ ಕಟ್ಟಕೂಡದು. ಹೊಸದು ಎಂದರೆ ಯಾವುದು? ಹಿಂದೆ ಇಲ್ಲದ್ದು ಮಾತ್ರವಲ್ಲ. ಒಂದು ಕಾಲಕ್ಕೆ ಇದ್ದು, ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಪಾಳುಬಿದ್ದ ಕೆರೆಯೂ ಹೊಸದೇ ಎಂದು ಬರೆದರು! ಹಳ್ಳಿಯ ಮುತ್ತಜ್ಜ ಮೀನು ಹಿಡಿದ ಕೆರೆ, ಏರಿ ಒಡೆದು ಮೂವತ್ತು ವರ್ಷ ಕಳೆದರೆ ಕಾಗದದ ಮೇಲೆ ಇಲ್ಲವೇ ಇಲ್ಲ. ಬಳಕೆಯಲ್ಲಿದ್ದ ಕೆರೆಗಳನ್ನು ದುರಸ್ತಿ ಮಾಡಿಕೊಳ್ಳಲು ಅವಕಾಶವಿತ್ತೆಂಬುದೇ ಸಮಾಧಾನ.

ಇಲ್ಲಿ ಗಮನಿಸಬೇಕಾದ ಅಂಶವಿದೆ. ಸ್ವತಃ ದಿವಾನರೇ ಹೋಗಿ ಕುಳಿತಿದ್ದರು. ಶೇಷಾದ್ರಿ ಅಯ್ಯರ್ ಸಾಮಾನ್ಯರೂ ಅಲ್ಲ. ಆದರೂ ತಕ್ಕಡಿ ಮದರಾಸಿನ ಕಡೆಗೇ ಬಾಗಿತು, ಏಕೆಂದರೆ ಸಾರ್ವಭೌಮ ಸರಕಾರದ ಬಲ ಆ ಕಡೆಗಿತ್ತು. ಅಂದಮೇಲೆ ನಾಯಕ ಹೋದಮಾತ್ರಕ್ಕೆ ನ್ಯಾಯ ಸಿಕ್ಕುತ್ತದೆಂದು ನಾನು ಹೇಳಲಾರೆ. ಹೋಗದೆ ಇದ್ದಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ. ಆ ಒಪ್ಪಂದದ ಹೆಸರು ಮೊನ್ನೆ ಮೊನ್ನೆ ಮತ್ತೆ ಕೇಳಿಬಂತು. ಬಂಗಾರಪೇಟೆ ತಾಲ್ಲೂಕಿನ ಯರಗೋಳದಲ್ಲಿ ಮಾರ್ಕಂಡೇಯ ನದಿಗೆ, ಕೋಲಾರ, ಮಾಲೂರು, ಬಂಗಾರಪೇಟೆಗಳ ಕುಡಿಯುವ ನೀರಿಗಾಗಿ ಅಣೆಕಟ್ಟು ಕಟ್ಟುತ್ತಿದ್ದಾಗ, ತಮಿಳುನಾಡು ಅದೇ 1892ರ ಕಾಗದವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟಿತು. 2019ರ ನವೆಂಬರಿನಲ್ಲಿ ನ್ಯಾಯಾಲಯ ತಮಿಳುನಾಡಿನ ಅರ್ಜಿಯನ್ನು ಒಪ್ಪಲಿಲ್ಲ. 2023ರಲ್ಲಿ ಅಣೆಕಟ್ಟಿನ ಉದ್ಘಾಟನೆಯಾಯಿತು. ಕೆಳಗಿನವರ ಅಂಜಿಕೆ ಪೂರಾ ಸುಳ್ಳೆಂದು ನಾನು ಹೇಳುತ್ತಿಲ್ಲ. ಮೇಲಿನ ಕೆರೆಯವರು ಕೋಡಿ ಎತ್ತರಿಸಿದರೆ ಕೆಳಗಿನ ಕೆರೆ ಒಣಗುತ್ತದೆಂಬುದನ್ನು ನಮ್ಮ ನೀರುಗಂಟಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹವಾಗುಣದ ಸಭೆಯೂ ಇಂಥದೇ ಸರಪಣಿ ಕೆರೆಗಳ ಪಂಚಾಯಿತಿ. ಇಲ್ಲಿ ಹರಿಯುವುದು ನೀರಲ್ಲ, ಹೊಗೆ. ಮೇಲಿನ ಕೆರೆಯವರು ಇನ್ನೂರು ವರ್ಷ ಬಿಟ್ಟ ಹೊಗೆ ಎಲ್ಲರ ತಲೆಯ ಮೇಲೆ ನಿಂತಿದೆ. ಇಂದಿಗೂ ಅಮೆರಿಕದ ಒಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲಾಮ್ಲ ಬಿದ್ದರೆ ಭಾರತದವನ ಪಾಲು ಸುಮಾರು 2 ಟನ್. ಆದರೆ ತಲೆಯೆಣಿಕೆ ಬಿಟ್ಟು ಒಟ್ಟು ಮೊತ್ತ ನೋಡಿದರೆ ಭಾರತ ಈಗ ಲೋಕದಲ್ಲಿ ಮೂರನೆಯದು. ಹೀಗೆ ನಾವು ಕೆಳಗಿನ ಕೆರೆಯವರೂ ಹೌದು, ಇನ್ನೂ ಕೆಳಗಿರುವ ಪುಟ್ಟ ದ್ವೀಪಗಳವರ ಕಣ್ಣಿಗೆ ಮೇಲಿನ ಕೆರೆಯವರೂ ಹೌದು. ಇಂಥ ಇಕ್ಕಟ್ಟಿನಲ್ಲಿರುವವರು ಪಂಚಾಯಿತಿಗೆ ಗೈರುಹಾಜರಾದರೆ ಎರಡೂ ಕಡೆಯ ತಪ್ಪು ನಮ್ಮ ಮೇಲೆಯೇ ಬರುತ್ತದೆ.

ಹಿಂದಿನ ಸಭೆಗಳು ಏನು ಕಲಿಸುತ್ತವೆ? 1972ರ ಜೂನಿನಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವಿಶ್ವಸಂಸ್ಥೆಯ ಮೊದಲ ಪರಿಸರ ಸಮ್ಮೇಳನ ನಡೆದಾಗ, ಅತಿಥೇಯ ಸ್ವೀಡನ್ನಿನ ಪ್ರಧಾನಿ ಓಲೋಫ್ ಪಾಲ್ಮೆಯವರನ್ನು ಬಿಟ್ಟರೆ ಬಂದಿದ್ದ ಸರಕಾರದ ಮುಖ್ಯಸ್ಥರು ಇಂದಿರಾ ಗಾಂಧಿಯವರೊಬ್ಬರೇ. ಬಡದೇಶಗಳ ಬಡತನವನ್ನು ಬದಿಗಿಟ್ಟು ಪರಿಸರದ ಮಾತಾಡಲಾಗದೆಂಬ ವಾದವನ್ನು ಅವರು ಅಲ್ಲಿ ಮಂಡಿಸಿದರು. ಅದಷ್ಟೇ ಆಗಿದ್ದರೆ ನಾನು ಈ ಮಾತನ್ನು ಎತ್ತುತ್ತಿರಲಿಲ್ಲ. 1981ರ ವಾಯುಮಾಲಿನ್ಯ ನಿಯಂತ್ರಣ ಕಾಯಿದೆಯನ್ನೂ 1986ರ ಪರಿಸರ ಸಂರಕ್ಷಣಾ ಕಾಯಿದೆಯನ್ನೂ ತೆಗೆದು ನೋಡಿ. ಪೀಠಿಕೆಯಲ್ಲೇ ಸ್ಟಾಕ್‌ಹೋಮಿನ ಹೆಸರಿದೆ. ನಮ್ಮ ಸಂವಿಧಾನದ 253ನೆಯ ಅನುಚ್ಛೇದದಂತೆ, ಅಂತರರಾಷ್ಟ್ರೀಯ ಸಮ್ಮೇಳನದ ತೀರ್ಮಾನವನ್ನು ಜಾರಿಗೆ ತರಲು ಪಾರ್ಲಿಮೆಂಟು ರಾಜ್ಯಗಳ ಪಟ್ಟಿಯ ವಿಷಯಗಳಲ್ಲಿಯೂ ಕಾನೂನು ಮಾಡಬಹುದು. ಮಾಲೂರಿನ ಇಟ್ಟಿಗೆ ಗೂಡಿನ ಹೊಗೆಗೂ ಹೆಂಚಿನ ಕಾರ್ಖಾನೆಯ ಚಿಮಣಿಗೂ ಇಂದು ಅನ್ವಯಿಸುವ ಕಾನೂನು ಹೀಗೆ ಸ್ವೀಡನ್ನಿನ ಸಭೆಯೊಂದರಿಂದ ಹೊರಟು ಬಂದದ್ದು.

ಹಾಗಾದರೆ ಎಲ್ಲ ಸಭೆಗೂ ಹೋಗಬೇಕೇ? ಬೇಡ. ಹೋಗುವುದಕ್ಕಿಂತ ಯಾವಾಗ ಹೋಗುವುದೆಂಬುದು ಮುಖ್ಯ. 2009ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿಗೆ ನೂರಕ್ಕೂ ಮೀರಿ ನಾಯಕರು ಬಂದರು. ಆದರೆ ಬಂದದ್ದು ಕಡೆಯ ಎರಡು ದಿನ. ಅಧಿಕಾರಿಗಳು ಬಿಡಿಸಲಾರದ ಗಂಟನ್ನು ರಾಷ್ಟ್ರನಾಯಕರು ಒಂದು ರಾತ್ರಿಯಲ್ಲಿ ಬಿಡಿಸಬೇಕಾಯಿತು. ಭಾರತ, ಚೀನ, ಬ್ರೆಜಿಲ್, ದಕ್ಷಿಣ ಆಫ್ರಿಕಗಳ ನಾಯಕರು ಕುಳಿತಿದ್ದ ಕೋಣೆಗೆ ಅಧ್ಯಕ್ಷ ಒಬಾಮರು ತಾವಾಗಿಯೇ ನುಗ್ಗಿ ಬಂದು ಮಾತಿಗೆ ಕುಳಿತದ್ದು ಆಗಲೇ. ಪ್ರಧಾನಿ ಮನಮೋಹನ್ ಸಿಂಗ್, ಅವರ ಜತೆಗೆ ಚಿಕ್ಕಮಗಳೂರಿನಲ್ಲಿ ಹುಟ್ಟಿದ ಪರಿಸರ ಮಂತ್ರಿ ಜೈರಾಮ್ ರಮೇಶ್ ಇಬ್ಬರೂ ಅಲ್ಲಿದ್ದರು. ಇಲ್ಲದಿದ್ದರೆ ಆ ಮಾತು ನಮ್ಮನ್ನು ಬಿಟ್ಟು ನಡೆಯುತ್ತಿತ್ತು. ಆದರೂ ಹುಟ್ಟಿದ್ದು ಅರೆಬರೆ ಒಡಂಬಡಿಕೆ. ಸಮ್ಮೇಳನ ಅದನ್ನು ಅಂಗೀಕರಿಸದೆ, ಗಮನಿಸಿದ್ದೇವೆಂದಷ್ಟೇ ದಾಖಲೆ ಮಾಡಿತು.

ಆರು ವರ್ಷಗಳ ಮೇಲೆ ಪ್ಯಾರಿಸ್ಸಿನಲ್ಲಿ ಫ್ರೆಂಚರು ಜಾಣತನ ತೋರಿದರು. ಪ್ರತಿಯೊಂದು ದೇಶವೂ ತಾನು ಮಾಡುವುದೇನೆಂದು ಮೊದಲೇ ಬರೆದು ತರಬೇಕು. ನಾಯಕರು ಮೊದಲ ದಿನವೇ, ಅಂದರೆ 2015ರ ನವೆಂಬರ್ 30ರಂದು ಬಂದು ಮಾತಾಡಿ ಹೊರಟುಬಿಡಬೇಕು. ಉಳಿದ ಹನ್ನೆರಡು ದಿನ ಅಕ್ಷರ ಅಕ್ಷರ ಹಿಡಿದು ಜಗ್ಗಾಡುವ ಕೆಲಸ ಅಧಿಕಾರಿಗಳದು, ಮಂತ್ರಿಗಳದು. ಮದುವೆಗೆ ಹಿರಿಯರು ನಿಶ್ಚಿತಾರ್ಥದಲ್ಲೇ ಬಂದು ಮಾತು ಮುಗಿಸುವುದಕ್ಕೂ, ಮುಹೂರ್ತದ ಹೊತ್ತಿಗೆ ಬಂದು ವರದಕ್ಷಿಣೆಯ ಜಗಳ ಬಿಡಿಸುವುದಕ್ಕೂ ಇರುವ ವ್ಯತ್ಯಾಸವಿದು. ಡಿಸೆಂಬರ್ 12ಕ್ಕೆ ಒಪ್ಪಂದವಾಯಿತು.

ನಾಯಕರಿಲ್ಲದೆಯೂ ಕೆಲಸವಾದದ್ದುಂಟು, ಅದನ್ನು ಮುಚ್ಚಿಡಬಾರದು. ಓಝೋನ್ ಪದರವನ್ನು ಕಾಪಾಡುವ 1987ರ ಮಾಂಟ್ರಿಯಲ್ ಒಪ್ಪಂದ ಅಧಿಕಾರಿಗಳ, ಮಂತ್ರಿಗಳ ಕೆಲಸ. 2022ರಲ್ಲಿ ಈಜಿಪ್ಟಿನ ಸಭೆಗೆ ನಮ್ಮ ಪ್ರಧಾನಿ ಹೋಗಲಿಲ್ಲ. ಹಾನಿಗೊಳಗಾದ ದೇಶಗಳಿಗೆ ನೆರವಿನ ನಿಧಿ ಕಟ್ಟುವ ತೀರ್ಮಾನ ಅಲ್ಲಿಯೇ ಆಯಿತು. 2024ರಲ್ಲಿ ಬಾಕುವಿಗೂ ಹೋಗಲಿಲ್ಲ. ಅಲ್ಲಿ ಬಡದೇಶಗಳು ಕೇಳಿದ್ದು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರು. ಶ್ರೀಮಂತ ದೇಶಗಳ ಮುಂದಾಳುತನದಲ್ಲಿ 2035ರ ಹೊತ್ತಿಗೆ 30,000 ಕೋಟಿ ಎಂದು ಗೊತ್ತಾಯಿತು. ಅಧ್ಯಕ್ಷರು ಸುತ್ತಿಗೆ ಬಡಿದಾದ ಮೇಲೆ ಭಾರತದ ಪ್ರತಿನಿಧಿ ಎದ್ದು ಆಕ್ಷೇಪಿಸಿದರು. ಪ್ರಧಾನಿಯವರು ಇದ್ದಿದ್ದರೆ ಮೊತ್ತ ಏರುತ್ತಿತ್ತೆಂದು ನನಗೆ ತೋರುವುದಿಲ್ಲ. ಹಣದ ಚೀಲವಿದ್ದ ಎಷ್ಟೋ ನಾಯಕರೇ ಅಲ್ಲಿಗೆ ಬಂದಿರಲಿಲ್ಲ. ಆದ್ದರಿಂದ, ನಾಯಕರೊಬ್ಬರೇ ಕೊಡಬಲ್ಲ ಮಾತು ಕೈಯಲ್ಲಿದ್ದಾಗ ಅವರು ಹೋಗಲಿ, ಸಭೆಯ ಆರಂಭಕ್ಕೇ ಹೋಗಲಿ. ಇಲ್ಲದಾಗ, ವಿಷಯ ಬಲ್ಲ ಮಂತ್ರಿ, ಕಡತ ಬಲ್ಲ ಅಧಿಕಾರಿಗಳು ಸಾಕು ಎಂಬುದು ನನ್ನ ಅಭಿಪ್ರಾಯ.

ಆದರೆ ಮಾತು ಕೊಡುವವರು ಯಾರನ್ನು ಕೇಳಿ ಕೊಡಬೇಕು? ಇದೇ ನಮಗೆ ನಾಟಬೇಕಾದ ಸಂಗತಿ. ಅತ್ತ ಒಪ್ಪಿಕೊಂಡ ವಿದ್ಯುತ್ತಿನ ಲೆಕ್ಕ ಇತ್ತ ಪಂಪುಸೆಟ್ಟಿನ ಮೇಲೆ ಬರುತ್ತದೆ; ನೀರೂ ಬೇಸಾಯವೂ ರಾಜ್ಯದ ಹೊಣೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಪಂಪು ಮಾಡಿದ ನೀರು 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರು ತಿಂಗಳೇ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೆ ಹೋಯಿತು. ಅಂತರ್ಜಲ ಏರಿತೆಂದು ಹರ್ಷಪಡುವವರೂ, ನೀರಿನ ಶುದ್ಧಿಯನ್ನು ಸಂದೇಹಿಸುವವರೂ ನಮ್ಮಲ್ಲಿದ್ದಾರೆ. ಬರದ ಸೀಮೆಯೊಂದು ಮಹಾನಗರದ ಬಳಸಿದ ನೀರಿನಿಂದ ಕೆರೆ ತುಂಬಿಕೊಳ್ಳುವ ಈ ಪ್ರಯೋಗದ ಲಾಭ ನಷ್ಟ ಎರಡನ್ನೂ ಅಂಥ ಸಭೆಯಲ್ಲಿ ಹೇಳಬೇಕು. ಲೋಕದ ಇನ್ನೆಷ್ಟೋ ಒಣಸೀಮೆಗಳು ಅದನ್ನು ಕಿವಿಗೊಟ್ಟು ಕೇಳುತ್ತವೆ.

ಇನ್ನೊಂದು ಎಚ್ಚರಿಕೆಯೂ ಇದೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯವೆಂಬ ಹೆಸರಿನಲ್ಲಿ, ವಿಶ್ವಬ್ಯಾಂಕಿನ ನೆರವೂ ಸೇರಿ, ಕೋಲಾರ, ಮಾಲೂರು ಕಡೆಯ ರಾಗಿ ಹೊಲಗಳಿಗೆ ನೀಲಗಿರಿ ಹಬ್ಬಿತು. ಕಾಗದದ ಮೇಲೆ ಅದು ಹಸಿರು. ರಾಗಿ ಹೋಯಿತು, ಹೊಲದ ಕೂಲಿ ಹೋಯಿತು, ನೆಲದ ತೇವ ಹೋಯಿತೆಂಬ ದೂರು ದಶಕಗಳ ಕಾಲ ಎದ್ದು, 2017ರಲ್ಲಿ ರಾಜ್ಯ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಈಗ ಲೋಕದ ಸಭೆಗಳಲ್ಲಿ ಇಂಗಾಲದ ವ್ಯಾಪಾರದ ಮಾತು ನಡೆಯುತ್ತಿದೆ. ಒಬ್ಬರ ಹೊಗೆಗೆ ಇನ್ನೊಬ್ಬರ ನೆಲದಲ್ಲಿ ಮರ ನೆಟ್ಟು ಲೆಕ್ಕ ಸರಿಮಾಡುವ ಏರ್ಪಾಡು ಅದು. ಬಾಕುವಿನಲ್ಲಿ ಅದರ ನಿಯಮಗಳು ಅಖೈರಾದವು. ನೀಲಗಿರಿಯ ಕಥೆ ಗೊತ್ತಿಲ್ಲದವರು ನಮ್ಮ ಪರವಾಗಿ ಅಂಥ ಕಾಗದಕ್ಕೆ ರುಜು ಹಾಕಬಾರದು. ಯಾವ ಮರ, ಯಾರ ಹೊಲ, ಎಷ್ಟು ನೀರು ಎಂದು ಕೇಳಬಲ್ಲವರೊಬ್ಬರಾದರೂ ಆ ನಿಯೋಗದಲ್ಲಿರಬೇಕು.

ಪ್ರಧಾನಿಯವರು ಹೊರಡುವ ಮುಂಚೆ ಏನನ್ನು ಒಪ್ಪಲಿದ್ದಾರೆಂಬುದು ಲೋಕಸಭೆಯಲ್ಲಿ ಚರ್ಚೆಯಾಗಲಿ, ಮುಖ್ಯಮಂತ್ರಿಗಳನ್ನು ಕೇಳಲಿ. ಬಂದ ಮೇಲೆ ಏನು ತಂದರೆಂಬುದನ್ನು ನಮ್ಮ ಭಾಷೆಯಲ್ಲಿ, ಗ್ರಾಮಸಭೆಯಲ್ಲಿ ಓದಿ ಹೇಳಬಹುದಾದ ಎರಡು ಪುಟದ ವರದಿಯಾಗಿ ಕೊಡಲಿ. 2025ರ ಬ್ರೆಜಿಲ್ ಸಭೆಯಲ್ಲಿ, ಮುಂದಿನದು 2026ರ ನವೆಂಬರಿನಲ್ಲಿ ತುರ್ಕಿಯ ಅಂತಾಲ್ಯದಲ್ಲೆಂದು ಗೊತ್ತುಮಾಡಲಾಯಿತು. ನಿಮ್ಮ ಪಾರ್ಲಿಮೆಂಟ್ ಸದಸ್ಯರು ಯಾವ ಪಕ್ಷದವರೇ ಆಗಿರಲಿ, ಊರಿಗೆ ಬಂದಾಗ ಇಂಥ ಪ್ರತಿ ಸಭೆಗೂ ಮುಂಚೆ ಅವರನ್ನು ಕೇಳಿ: ಕೋಲಾರದ ಕೆರೆಗಳ ವಿಷಯ ಆ ಕಡತದಲ್ಲಿ ಎಷ್ಟನೆಯ ಪುಟದಲ್ಲಿದೆ?