ಮಧ್ಯಾಹ್ನದ ಬಿಸಿಲು ಮತ್ತು ನಮ್ಮ ನಾಲಿಗೆ
(ಸುಳ್ಳ ಗ್ರಾಮದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಅಲ್ಲಾಹನ ಭಯವಿಟ್ಟುಕೊಂಡು ಬಾಳಬೇಕೆಂದು ಮೊದಲು ನನಗೆ, ನಂತರ ನಿಮಗೆ ಉಪದೇಶಿಸುತ್ತೇನೆ.

ಇಂದು ನಮ್ಮ ಜಮಾಅತಿನ ಒಂದು ರೈತ ಕುಟುಂಬದ ಮಾತು ಹೇಳುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಹೇಳುವುದಿಲ್ಲ. ನಾಲ್ಕು ಎಕರೆ ಎರಿ ಹೊಲ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಹತ್ತಿ ಕಟ್ಟಿಗೆ ಕೀಳಲು ಹೋದ ಮನೆಯೊಡತಿಗೆ ಮಧ್ಯಾಹ್ನ ಕಾಲು ಎತ್ತಲಾಗಲಿಲ್ಲ, ಕಣ್ಣು ಮಂಜಾಯಿತು. ಸಂಜೆ ನೆರಳಿನಲ್ಲಿ ಕುಳಿತ ಮೇಲೆ ಸರಿಹೋಯಿತು. ಮರುದಿನವೂ ಹಾಗೆಯೇ. ಓಣಿಯವರು ಏನೆಂದರು? "ಮುಂಜಾನೆ ಚಲೋ ಇರ್ತಾಳ, ಕೆಲಸದ ಹೊತ್ತಿಗೆ ಕಾಲು ಬೀಳ್ತಾವ" ಎಂದರು. ಕೆಲವರು ಗಾಳಿ ಸೋಕಿದೆ ಎಂದರು.

ಆಕೆಯ ಗಂಡ ನನ್ನ ಬಳಿಯೂ ಬಂದಿದ್ದರು. ನಾನು ದುಆ ಓದಿ ಊದಿದೆ, ಸಬ್ರ್ ಮಾಡಿ ಎಂದೆ. ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಲಿಲ್ಲ. ದುಆ ಸರಿಯೇ ಇತ್ತು, ಕೇಳದೆ ಕಳಿಸಿದ್ದು ತಪ್ಪು. ಚಿಕಿತ್ಸೆ ಮಾಡಿಸಿಕೊಳ್ಳಿ, ಅಲ್ಲಾಹನು ಕಾಯಿಲೆಯ ಜೊತೆ ಔಷಧವನ್ನೂ ಇಳಿಸಿದ್ದಾನೆ ಎಂಬುದು ಪ್ರವಾದಿ(ಸ)ರ ಬೋಧನೆ. ಅದನ್ನು ಮಿಂಬರಿನ ಮೇಲೆ ಹೇಳುವ ನಾನೇ ಅಂದು ಮರೆತೆ. ಒಂದು ವರ್ಷ ಹೋಯಿತು.

ಕೊನೆಗೆ ನರರೋಗ ತಜ್ಞರು ಎಂ.ಆರ್.ಐ. ಮಾಡಿಸಿ ಹೇಳಿದರು: ಇದು ಮಲ್ಟಿಪಲ್ ಸ್ಕ್ಲೆರೋಸಿಸ್. ವಿದ್ಯುತ್ ತಂತಿಗೆ ಹೊದಿಕೆ ಇರುವಂತೆ ನಮ್ಮ ನರಗಳಿಗೂ ಹೊದಿಕೆ ಇದೆ. ಕಾಯಿಲೆಯಿಂದ ಕಾಪಾಡಬೇಕಾದ ದೇಹದ ರಕ್ಷಣಾ ಶಕ್ತಿಯೇ ತಪ್ಪಿ ಮಿದುಳು ಮತ್ತು ಬೆನ್ನುಹುರಿಯಲ್ಲಿ ಆ ಹೊದಿಕೆಯನ್ನು ಕೆಡಿಸುತ್ತದೆ. ಮೈ ಬಿಸಿಯಾದರೆ ಕೆಟ್ಟ ನರದಲ್ಲಿ ಸಂದೇಶ ಹರಿಯುವುದಿಲ್ಲ, ತಂಪಾದರೆ ಮತ್ತೆ ಹರಿಯುತ್ತದೆ. ಜರ್ಮನಿಯ ವೈದ್ಯ ಊಟ್‌ಹಾಫ್ 1890ರಲ್ಲೇ ಇದನ್ನು ಗುರುತಿಸಿದ್ದರು. ನಾವು ನಾಟಕ ಎಂದದ್ದು ರೋಗದ ಲಕ್ಷಣವಾಗಿತ್ತು. ಇದು ಅಂಟುರೋಗವಲ್ಲ. ಹೆಚ್ಚಾಗಿ 20ರಿಂದ 40ರ ಪ್ರಾಯದಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಕಾಣಿಸುತ್ತದೆ. ಪೂರ್ತಿ ವಾಸಿಯಾಗದಿದ್ದರೂ ಔಷಧದಿಂದ ಹತೋಟಿಯಲ್ಲಿಡಬಹುದು. ಹೊಸ ತೊಂದರೆ ಒಂದು ದಿನಕ್ಕಿಂತ ಹೆಚ್ಚು ನಿಂತರೆ ಬಿಸಿಲೆಂದು ಸುಮ್ಮನಿರದೆ ಡಾಕ್ಟರಲ್ಲಿಗೆ ಹೋಗಬೇಕು.

ಈ ಬೇಸಿಗೆ ಆ ಮನೆ ಹೇಗಿದೆ ನೋಡಿ. ಫಜ್ರ್ ಮುಗಿದೊಡನೆ ಒಲೆ ಹಚ್ಚಿ, ಬಿಸಿಲೇರುವ ಮೊದಲೇ ಅಡುಗೆ ಮುಗಿಸುತ್ತಾರೆ. ರೊಟ್ಟಿ ಬಡಿಯುವುದು ಈಗ ಅತ್ತೆ. ಗಂಡ ತಗಡಿನ ಮೇಲೆ ಜೋಳದ ಕಣಿಕೆ ಹರಡಿದ್ದಾರೆ, ನೀರು ತರುತ್ತಾರೆ, ಬಟ್ಟೆ ಒಗೆಯುತ್ತಾರೆ. ಯಾರೋ ನಕ್ಕರಂತೆ. ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ನಕ್ಕವರು ಯಾರನ್ನು ನೋಡಿ ನಕ್ಕರು? ಆ ತಾಯಿ ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು, ನೆರಳಿನಲ್ಲಿ ಕುಳಿತು ಮುಂಗಾರಿನ ಹೆಸರಿನ ಬೀಜ ಹಸನು ಮಾಡುತ್ತಾರೆ. ರೋಹಿಣಿ ಮಳೆ ಬಂದರೆ ಬಿತ್ತುವುದು ಆ ಬೀಜವನ್ನೇ.

"ನಿಂತು ನಮಾಝ್ ಮಾಡಲಾಗುವುದಿಲ್ಲ, ಒಪ್ಪಿತವಾಗುತ್ತದೆಯೇ?" ಎಂದು ಅವರು ಕೇಳಿಸಿದರು. ಇಮ್ರಾನ್ ಬಿನ್ ಹುಸೈನ್(ರ)ರು ಕಾಯಿಲೆಯಲ್ಲಿ ಇದನ್ನೇ ಕೇಳಿದ್ದರು. ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮಾಡುವಂತೆ ಪ್ರವಾದಿ(ಸ)ರು ತಿಳಿಸಿದರು. ಕಡು ಬಿಸಿಲಿನಲ್ಲಿ ಝುಹರನ್ನು ತಂಪಾಗುವವರೆಗೆ ತಡೆಯಲೂ ಹೇಳಿದರು. ಉಪವಾಸ ಹಿಡಿಯಲಾಗದ ದೀರ್ಘಕಾಲದ ರೋಗಿಗೆ ಫಿದ್ಯಾ ಇದೆ. ಅಲ್ಲಾಹನು ಯಾರ ಮೇಲೂ ಶಕ್ತಿ ಮೀರಿದ ಭಾರ ಹೊರಿಸುವುದಿಲ್ಲ. ನಾವೇಕೆ ಹೊರಿಸಬೇಕು?

ಸಹೋದರರೇ, ಮೂರು ಕೆಲಸ ಮಾಡೋಣ. ಬಿತ್ತಿಗೆಯ ದಿನ ಆ ಹೊಲಕ್ಕೆ ಪ್ರತಿ ಓಣಿಯಿಂದ ಒಬ್ಬರು ಹೋಗೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಈ ಕಾಯಿಲೆಯೂ ಇದೆ. ಓದಿದ ಯುವಕರು ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಲಿ, ಆಸ್ಪತ್ರೆಗೆ ಜೊತೆಯಾಗಲಿ. ಮೂರನೆಯದಕ್ಕೆ ಹಣವೂ ಬೇಡ, ಸಮಯವೂ ಬೇಡ. ಗೊತ್ತಿಲ್ಲದ ನೋವಿನ ಬಗ್ಗೆ ಮಾತಾಡುವ ಮೊದಲು ನಾಲಿಗೆ ತಡೆಯೋಣ.

ಅಲ್ಲಾಹನು ಎಲ್ಲ ರೋಗಿಗಳಿಗೆ ಶಿಫಾ, ಅವರನ್ನು ನೋಡಿಕೊಳ್ಳುವವರಿಗೆ ಬಲ, ನಮ್ಮ ಹೊಲಗಳಿಗೆ ಹದವಾದ ಮಳೆ ಕರುಣಿಸಲಿ. ಆಮೀನ್.